ಬರೋಲೊ 2016ರ ರೇಟು ಹೇಳಿ 2014 ಕೊಡ್ತಾರೆ, ಹುಷಾರು

ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರ ಕಡೆಯಿಂದ ಬೆಂಗಳೂರಿನ ಅಂಗಡಿಗಳಿಗೆ ವಾಟ್ಸಾಪಲ್ಲಿ ರೇಟು ಕೇಳಿ ಇಟಲಿ ರೆಡ್ ವೈನ್ ತರಿಸೋರು ದಯವಿಟ್ಟು ಪೂರ್ತಿ ಓದಿ. ನಾನು ತರಿಸಿದ್ದು ಬರೋಲೊ ಅನ್ನೋ ವೈನು, ಮೂರು ಬಾಟಲಿ, ಒಂದಕ್ಕೆ 11,800, ಒಟ್ಟು 35,400 ರೂಪಾಯಿ. ಕೇಳಿದ್ದು 2016, ಅಂದರೆ ಆ ವರ್ಷ ಕೊಯ್ದ ದ್ರಾಕ್ಷಿಯದ್ದು. ಬಂದಿದ್ದು 2014. ಸಾಲದ್ದಕ್ಕೆ ಎಂಆರ್‌ಪಿ ಮೇಲೆ ಎಂಆರ್‌ಪಿ ಅಂಟಿಸಿದ್ದಾರೆ.

ಕೇಳಿದ್ದರಲ್ಲಿ ಯಾವ ಗೊಂದಲವೂ ಇರಲಿಲ್ಲ. "2016 ಇದೆಯಾ?" "ಇದೆ ಸಾರ್, ಮೂರೇ ಪೀಸ್ ಉಳಿದಿರೋದು." ಬೇರೆ ಎರಡು ಅಂಗಡಿಯಲ್ಲಿ ಅದೇ ಉತ್ಪಾದಕರ 2016ಕ್ಕೆ 13,000 ದಾಟಿಸಿ ಹೇಳಿದ್ದರು. ಹಾಗಾಗಿ 11,800 ಒಳ್ಳೆ ರೇಟು ಅನ್ನಿಸಿತು. ದುಡ್ಡು ಯುಪಿಐಯಲ್ಲಿ ಹೋಯಿತು. ಬಿಲ್ಲಲ್ಲಿ "ಬರೋಲೊ 750 ಎಂಎಲ್, 3" ಅಂತಷ್ಟೇ ಇದೆ, ವರ್ಷ ಇಲ್ಲ. ಎಡವಿದ್ದು ಅಲ್ಲೇ.

ಮನೆಯಲ್ಲಿ ಸುತ್ತಿದ ಕಾಗದ ಬಿಚ್ಚಿದರೆ ಲೇಬಲ್ ಮೇಲೆ ನಾಲ್ಕು ಅಂಕಿ: 2014. ಎರಡನೆಯದೂ 2014, ಮೂರನೆಯದೂ 2014. ಬಾಟಲಿ ತಿರುಗಿಸಿದರೆ ಆಮದುದಾರರ ಚೀಟಿಯಲ್ಲಿ ಎಂಆರ್‌ಪಿ ಇರೋ ಜಾಗ ಮಾತ್ರ ಸ್ವಲ್ಪ ಉಬ್ಬಿತ್ತು. ಉಗುರಿನಿಂದ ಮೂಲೆ ಎಬ್ಬಿಸಿದರೆ ಮೇಲಿನ ಸಣ್ಣ ಸ್ಟಿಕ್ಕರ್ ಎದ್ದು ಬಂತು. ಕೆಳಗೆ ಅಚ್ಚಾಗಿದ್ದದ್ದು 8,450. ಮೇಲೆ 11,800. ಒಂದು ಬಾಟಲಿಗೆ 3,350 ರೂಪಾಯಿ ಆ ಸ್ಟಿಕ್ಕರ್‌ನದ್ದು! ಹಳೇ ಎಂಆರ್‌ಪಿ ಮುಚ್ಚಿ ಹೆಚ್ಚಿನ ರೇಟು ಅಂಟಿಸೋ ಹಾಗಿಲ್ಲ. ಇಳಿಸೋದಾದರೆ ಚೀಟಿ ಹಚ್ಚಬಹುದು, ಆಗಲೂ ಮೊದಲಿನದು ಕಾಣುತ್ತಿರಬೇಕು.

ಎರಡು ವರ್ಷದ ವ್ಯತ್ಯಾಸಕ್ಕೆ ಇಷ್ಟು ಕೂಗಾಟ ಯಾಕೆ ಅಂತ ಕೇಳಬೇಡಿ. ಬರೋಲೊಗೆ ನೆಬ್ಬಿಯೋಲೊ ಒಂದೇ ದ್ರಾಕ್ಷಿ, ಇಟಲಿಯ ಪಿಯೆಮೊಂಟೆ ಪ್ರಾಂತ್ಯದ 11 ಊರುಗಳ ಗುಡ್ಡದ್ದು. ತಡವಾಗಿ ಹಣ್ಣಾಗೋ ಜಾತಿ, ಆ ವರ್ಷದ ಮಳೆ ಬಿಸಿಲೇ ಅದರ ಹಣೆಬರಹ. 2014ರಲ್ಲಿ ಅಲ್ಲಿ ಬೇಸಿಗೆಯೇ ತಣ್ಣಗಿತ್ತು, ವಿಪರೀತ ಮಳೆ, ಕೆಲವೆಡೆ ಆಲಿಕಲ್ಲು. 2016ರಲ್ಲಿ ಹಣ್ಣು ನಿಧಾನವಾಗಿ, ಸಮವಾಗಿ ಮಾಗಿತು, ದಶಕಗಳ ಕಾಲ ಇಡಬಹುದಾದ ವರ್ಷ ಅದು. ಸಂಗ್ರಹಿಸೋರು ದುಡ್ಡು ಕೊಡೋದೇ ಆ ವರ್ಷಕ್ಕೆ. 2014 ಕುಡಿಯೋಕೆ ಕೆಟ್ಟದ್ದೇನಲ್ಲ, ಒಳ್ಳೆ ಉತ್ಪಾದಕರದ್ದು ಚೆನ್ನಾಗೇ ಇರುತ್ತೆ. ಆದರೆ ಅದನ್ನು ಅದರ ರೇಟಿಗೆ ಕೊಡಬೇಕು. ಹೂಮಳೆ ಕೈಕೊಟ್ಟರೆ ಫಸಲು ಏನಾಗುತ್ತೆ ಅಂತ ಕಾಫಿ ತೋಟದವರಿಗೆ ಹೇಳಬೇಕಾ? ಪಾರ್ಚ್‌ಮೆಂಟ್ (ತೊಳೆದು ಒಣಗಿಸಿದ ಕಾಫಿ) ರೇಟು ತಗೊಂಡು ಅಗ್ಗದ ಚೆರ್ರಿ (ಹಣ್ಣನ್ನೇ ಒಣಗಿಸಿದ್ದು) ಮೂಟೆ ಇಳಿಸಿದರೆ ನಾವು ಸುಮ್ಮನಿರ್ತೀವಾ?

ಫೋನ್ ಮಾಡಿದಾಗ ಬಂದ ಉತ್ತರ: "ಬರೋಲೊ ಬರೋಲೊನೇ ಅಲ್ವಾ ಸಾರ್." ಎರಡನೇ ಸಲ: "ವೈನು ಹಳೇದಾದಷ್ಟೂ ರೇಟು ಜಾಸ್ತಿ ಸಾರ್, ನಿಮಗೆ ಎರಡು ವರ್ಷ ಹಳೇದೇ ಕೊಟ್ಟಿದ್ದೀವಿ." ಇದನ್ನು ಕೇಳಿ ಮೈ ಉರಿದುಹೋಯಿತು. ಸ್ಟಿಕ್ಕರ್ ಫೋಟೋ ಕಳಿಸಿದ ಮೇಲೆ: "ಅದು ಡಿಪೋದಿಂದಲೇ ಹಂಗೇ ಬಂದಿದ್ದು." ವಾಪಸ್ ತಗೊಳ್ಳಿ ಅಂದರೆ: "ಲಿಕ್ಕರ್ ರಿಟರ್ನ್ ಇಲ್ಲ ಸಾರ್." 2016 ಅಂತ ಬರೆದ ಮೆಸೇಜನ್ನು ಆ ಕಡೆಯಿಂದ ಅಷ್ಟರಲ್ಲಿ ಅಳಿಸಿಬಿಟ್ಟಿದ್ದರು.

ರೇಟು ಅಂಗಡಿಯಿಂದ ಅಂಗಡಿಗೆ ಬೇರೆಯಾಗೋಕೆ ನ್ಯಾಯವಾದ ಕಾರಣಗಳೂ ಇವೆ. ನಮ್ಮ ರಾಜ್ಯದ ಅಂಗಡಿಗಳಿಗೆಲ್ಲ ಮಾಲು ಸರ್ಕಾರದ ಮದ್ಯ ಸಗಟು ಸಂಸ್ಥೆ ಕೆಎಸ್‌ಬಿಸಿಎಲ್ ಡಿಪೋದಿಂದಲೇ ಬರಬೇಕು. ಹಾಗಿದ್ದೂ ರೇಟು ದೂರ ದೂರ ಇದೆ ಅಂದರೆ ಮೊದಲು ನೋಡಬೇಕಾದ್ದು ವರ್ಷ, ಆಮೇಲೆ ಆಮದಾದ ಲಾಟು. ಉತ್ಪಾದಕರ ಹೆಸರನ್ನೂ ಪೂರ್ತಿ ಓದಿ: ಜಾಕೊಮೊ ಕೊಂಟೆರ್ನೊ ಬೇರೆ, ಆಲ್ಡೊ ಕೊಂಟೆರ್ನೊ ಬೇರೆ, ಬರೀ "ಕೊಂಟೆರ್ನೊ" ಅಂದರೆ ಯಾರದ್ದು ಅಂತಲೇ ಗೊತ್ತಾಗಲ್ಲ. ರಿಸರ್ವಾ ಅಂದರೆ ಮಾರೋಕೆ ಮುಂಚೆ ಕನಿಷ್ಠ 62 ತಿಂಗಳು ಮಾಗೋಕೆ ಇಟ್ಟದ್ದು, ಸಾಮಾನ್ಯ ಬರೋಲೊ ಕನಿಷ್ಠ 38 ತಿಂಗಳು. ಆ ಪದ ಲೇಬಲ್ ಮೇಲೆ ಅಚ್ಚಾಗಿರಬೇಕು, ಬಾಯಿಮಾತು ನಡೆಯಲ್ಲ. ಲಂಡನ್ ರೇಟು ತೋರಿಸಿ ಚೌಕಾಸಿ ಮಾಡಿ ಪ್ರಯೋಜನವಿಲ್ಲ. "ಇನ್ ಬಾಂಡ್" ಅಂತಿದ್ದರೆ ಅದರಲ್ಲಿ ಅಲ್ಲಿನ ಸುಂಕವೂ ವ್ಯಾಟೂ ಸೇರಿಲ್ಲ, ಎಷ್ಟೋ ಸಲ ಅದು ಆರು ಬಾಟಲಿ ಪೆಟ್ಟಿಗೆಯ ಲೆಕ್ಕ. ನಮ್ಮಲ್ಲಿ ವರ್ಷಗಟ್ಟಲೆ ಶೇ 150 ಇದ್ದ ಆಮದು ಸುಂಕ, ಅದರ ಮೇಲೆ ರಾಜ್ಯದ ಅಬಕಾರಿ ಬೇರೆ. ಹೊರದೇಶದಿಂದ ಬರೋರ ಕೈಲಿ ತರಿಸಿದರೆ ಸುಂಕವಿಲ್ಲದೆ ಒಬ್ಬರಿಗೆ 2 ಲೀಟರ್, ಅಂದರೆ 750 ಎಂಎಲ್‌ನ ಎರಡೇ ಬಾಟಲಿ.

ರೇಟು ತೀರಾ ಕಮ್ಮಿ ಇದ್ದರೆ ಬಾಟಲಿ ಬಿಸಿಲು ಕಂಡಿದೆಯಾ ನೋಡಿ. ಕತ್ತಿನ ಹತ್ತಿರ ಅಂಟಂಟಾದ ಗೆರೆ, ಮೇಲೆ ಉಬ್ಬಿದ ಕಾರ್ಕ್, ಭುಜಕ್ಕಿಂತ ಕೆಳಗೆ ಇಳಿದ ವೈನು, ಯಾವುದು ಕಂಡರೂ ಬಿಟ್ಟುಬಿಡಿ. 12ರಿಂದ 14 ಡಿಗ್ರಿಯಲ್ಲಿರಬೇಕಾದ ಮಾಲು ಗಾಜಿನ ಶೋಕೇಸಲ್ಲಿ ಲೈಟಿನ ಕೆಳಗೆ ನಿಂತಿದ್ದರೆ 2016 ಆದರೂ ಬೇಡ. ತರುವಾಗಲೂ ಅಷ್ಟೇ, ಏಪ್ರಿಲ್ ಬಿಸಿಲಲ್ಲಿ ಬೆಂಗಳೂರಿಂದ ಹಾಸನ, ಬೇಲೂರು ಮೇಲೆ ಕಾರಿನ ಡಿಕ್ಕಿಯಲ್ಲಿ ತರಬೇಡಿ, ಸೀಟಿನ ಹತ್ತಿರ ಎಸಿಯಲ್ಲಿ ಇಡಿ.

ದುಡ್ಡು ಹಾಕೋಕೆ ಮುಂಚೆ ಮುಂದಿನ ಲೇಬಲ್, ಹಿಂದಿನ ಚೀಟಿ, ಕತ್ತಿನ ಮೇಲಿನ ಡಿಒಸಿಜಿ (ಇಟಲಿಯ ಮೂಲ-ಗುಣಮಟ್ಟ ಖಾತ್ರಿ) ಪಟ್ಟಿಯ ನಂಬರು, ಅಬಕಾರಿ ಲೇಬಲ್, ಇವುಗಳ ಫೋಟೋ ತರಿಸಿಕೊಳ್ಳಿ. ಪ್ರತಿ ಬಾಟಲಿಯದ್ದೂ ಬೇಕು, ಒಂದರದ್ದು ಸಾಲದು. ಬಿಲ್ಲಲ್ಲಿ ವರ್ಷ ಬರೆಸಿ, ಬರೆಯಲ್ಲ ಅಂದರೆ ಎದ್ದು ಬನ್ನಿ. ಮೆಸೇಜ್ ಬಂದ ಕೂಡಲೇ ಸ್ಕ್ರೀನ್‌ಶಾಟ್ ತೆಗೆದಿಡಿ, ಅಳಿಸ್ತಾರೆ. ಮೋಸ ಆಗಿದ್ದರೆ ಸ್ಟಿಕ್ಕರ್ ಪೂರ್ತಿ ಕೀಳಬೇಡಿ, ಮೂಲೆ ಎತ್ತಿ ಎರಡೂ ರೇಟು ಒಟ್ಟಿಗೆ ಕಾಣೋ ಹಾಗೆ ಫೋಟೋ ತೆಗೆದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ಕಾನೂನು ಮಾಪನಶಾಸ್ತ್ರ ಇಲಾಖೆಗೂ ಕೊಡಿ.

ಮೂರೂ ಬಾಟಲಿ ಬಿಚ್ಚದೆ ಹಾಗೇ ಇವೆ, ದೂರು ಹೋಗಿದೆ. ದೂರಿನ ನಂಬರ್ ಕಳಿಸಿದ ಮೇಲೆ ಅಂಗಡಿಯಿಂದ ಬಂದ ಮೆಸೇಜು: "ಸಾರ್, ನಿಮಗೋಸ್ಕರ ಒಂದು ಬಾಟಲಿಗೆ 500 ಕಮ್ಮಿ ಮಾಡ್ತೀವಿ." ಬೇಡ ಅಂತ ಬರೆದಾಗಿದೆ.