ನಾಲ್ಕು ಮಳೆಗಾಲ ಕಂಡ ನನ್ನ ರೌಟರ್ ಟೇಬಲ್

ಮೊದಲು ಸಿಟ್ಟಿನ ವಿಷಯ ಹೇಳಿಬಿಡುತ್ತೇನೆ. ಮನೆಯಲ್ಲೇ ರೌಟರ್ ಟೇಬಲ್ ಮಾಡಿಕೊಳ್ಳಲು ಹೊರಟಿದ್ದೀರಾ? ರೌಟರ್ ಅಂದರೆ ಬಿಟ್ ಎಂಬ ಅಲಗನ್ನು ಜೋರಾಗಿ ತಿರುಗಿಸಿ ಮರದಲ್ಲಿ ಅಂಚು, ಗ್ರೂವ್ ಕೊರೆಯುವ ಮಷೀನು. ಟೇಬಲ್ಲಿನಲ್ಲಿ ಅದನ್ನು ಒಂದು ಪ್ಲೇಟಿಗೆ ತಲೆಕೆಳಗಾಗಿ ನೇತುಹಾಕುತ್ತೇವೆ, ಬಿಟ್ ಮಾತ್ರ ಪ್ಲೇಟಿನ ತೂತಿನಿಂದ ಮೇಲೆ ಬರುತ್ತದೆ. ಅರ್ಧ ಇಂಚು ದಪ್ಪ ಕಾಂಡದ ಬಿಟ್ ಹಿಡಿಯುವ ದೊಡ್ಡ ರೌಟರ್ ಇದ್ದರೆ ದಯವಿಟ್ಟು ಅಕ್ರಿಲಿಕ್ ಪ್ಲೇಟ್ ತಗೋಬೇಡಿ. ನೋಡಲು ಚೆಂದ, ಗಾಜಿನ ಹಾಗೆ ಹೊಳೆಯುತ್ತದೆ, ಬೆಲೆಯೂ ಕಡಿಮೆ. ನಾನು ಅದಕ್ಕೇ ಮರುಳಾಗಿ ₹1,400 ಕೊಟ್ಟು ಆನ್‌ಲೈನಿನಲ್ಲಿ ತರಿಸಿಕೊಂಡೆ. ಒಂದೂವರೆ ವರ್ಷ ಅದರ ಮೇಲೆ ಕೆಲಸ ಮಾಡಿದೆ. ಅಡುಗೆಮನೆ ಕಪಾಟಿನ ಎಂಟು ಬಾಗಿಲು ಹಾಳಾದವು. ತಪ್ಪು ನನ್ನ ಕೈಯದೋ, ಮರದ್ದೋ, ಬಿಟ್ಟಿನದೋ ಎಂದು ನಿದ್ದೆಗೆಟ್ಟೆ. ತಪ್ಪೆಲ್ಲ ಆ ಪ್ಲೇಟಿನದು.

ನಮ್ಮ ಮನೆ ಸಾಗರದಲ್ಲಿ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಮನೆ ಹಿಂದೆ ಹತ್ತಡಿಗೆ ಹನ್ನೆರಡಡಿಯ ಒಂದು ಶೀಟಿನ ಶೆಡ್ ಇದೆ, ಮೊದಲು ಅಡಿಕೆ ಚೀಲ ಇಡುತ್ತಿದ್ದ ಜಾಗ. ಸಂಜೆ ಒಂದೂವರೆ ಗಂಟೆ, ಭಾನುವಾರ ಬೆಳಗ್ಗೆ ಪೂರ್ತಿ, ಇಷ್ಟೇ ನನ್ನ ಮರಗೆಲಸದ ಹೊತ್ತು. ಸಿದ್ಧವಾಗಿ ಸಿಗುವ ಟೇಬಲ್‌ಗೆ ಆಗ ₹18,000 ಹತ್ತಿರ ಹೇಳಿದ್ದರು. ಅಷ್ಟು ದುಡ್ಡು ಇದಕ್ಕೇ ಹಾಕುವ ಮನಸ್ಸಾಗಲಿಲ್ಲ. 2021ರ ಫೆಬ್ರವರಿಯಲ್ಲಿ ನಾನೇ ಮಾಡಿಕೊಂಡೆ.

ಮೇಲಿನ ಹಲಗೆಗೆ 18 ಮಿ.ಮೀ. ಪ್ಲೈವುಡ್ಡಿನ ಎರಡು ತುಂಡು ಫೆವಿಕಾಲ್ ಹಚ್ಚಿ ಅಂಟಿಸಿದೆ. ಒಂದು ರಾತ್ರಿ ಪೂರ್ತಿ ಅದರ ಮೇಲೆ ಸಿಮೆಂಟ್ ಇಟ್ಟಿಗೆ ಹೇರಿದ್ದೆ. ಮೇಲೆ ಬಿಳಿ ಸನ್‌ಮೈಕಾ. ನಡುವೆ ಪ್ಲೇಟ್ ಕೂರುವಷ್ಟು ತೂತು, ಅದರ ಸುತ್ತ ಅಂಚು, ಅಂಚಿನಲ್ಲಿ ಪ್ಲೇಟನ್ನು ಏರಿಸಿ ಇಳಿಸಿ ಮಟ್ಟ ಮಾಡಲು ಆರು ಸ್ಕ್ರೂ. ಕಾಲಿಗೆ ಹಳೇ ಮನೆ ಬಿಚ್ಚಿದಾಗ ಸಿಕ್ಕ ಹಲಸಿನ ರೀಪು. ಮೊದಲ ಮೂರು ತಿಂಗಳು ಇದರಷ್ಟು ಖುಷಿ ಕೊಟ್ಟ ವಸ್ತು ಇನ್ನೊಂದಿರಲಿಲ್ಲ. ಭಾರದ ಮಷೀನು ಕೈಯಲ್ಲಿ ಹಿಡಿದು ಸಣ್ಣ ಪಟ್ಟಿಯ ಮೇಲೆ ಓಡಿಸುವ ಭಯ ಹೋಯಿತು. ಮಷೀನು ನಿಂತಲ್ಲೇ ನಿಲ್ಲುತ್ತದೆ, ಮರ ನಡೆದುಕೊಂಡು ಹೋಗುತ್ತದೆ.

ಆಮೇಲೆ ಬಾಗಿಲು ಮಾಡಲು ಶುರು ಮಾಡಿದೆ. ಸಿಲ್ವರ್ ಓಕ್ ಚೌಕಟ್ಟು, ನಡುವೆ 6 ಮಿ.ಮೀ. ಪ್ಲೈ. ಉದ್ದ ಪಟ್ಟಿಗೆ ಗ್ರೂವ್, ಅಡ್ಡ ಪಟ್ಟಿಯ ತುದಿಗೆ ಅದರೊಳಗೆ ಕೂರುವ ನಾಲಿಗೆ. ಬಿಟ್ಟಿನ ಎತ್ತರ ಸರಿ ಹೊಂದಿಸಿದ್ದರೆ ಎರಡೂ ಪಟ್ಟಿಯ ಮುಖ ಒಂದೇ ಸಮಕ್ಕೆ ಬರಬೇಕು. ನನ್ನವು ಬರುತ್ತಿರಲಿಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಮೆಟ್ಟಿಲು, ಆದರೆ ಉಗುರು ಎಳೆದರೆ ಟಕ್ ಅಂತ ಸಿಗುತ್ತಿತ್ತು. ಉಜ್ಜು ಕಾಗದ ಹಾಕಿ ತಿಕ್ಕಿದೆ. ಸಮ ಆಯಿತು, ಪಾಲಿಶ್ ಹಚ್ಚಿದ ಮೇಲೆ ತಿಕ್ಕಿದ ಜಾಗ ಮಾತ್ರ ಬೇರೆ ಬಣ್ಣ. ಮತ್ತೆ ಎತ್ತರ ಹೊಂದಿಸಿದೆ, ಹೊಸ ಬಿಟ್ ತಂದೆ, ಮರ ಒರಗಿಸಿ ತಳ್ಳುವ ನೇರ ಪಟ್ಟಿ, ಅಂದರೆ ಫೆನ್ಸ್, ಬಿಚ್ಚಿ ಕಟ್ಟಿದೆ. ಮೆಟ್ಟಿಲು ಹೋಗಲಿಲ್ಲ.

ನಮ್ಮ ಬೀದಿಯಲ್ಲಿ ವಯಸ್ಸಾದ ಆಚಾರ್ರು ಒಬ್ಬರಿದ್ದಾರೆ. ಕೈಗರಗಸ, ತೋಪಡ, ಉಳಿಯಲ್ಲೇ ಜೀವನ ಮಾಡಿದವರು. ಒಂದು ಸಂಜೆ ಬಂದು ಟೇಬಲ್ ಸುತ್ತ ಎರಡು ಸಲ ಸುತ್ತಿದರು.

"ಮೇಷ್ಟ್ರೇ, ಒಂದು ಉಕ್ಕಿನ ಸ್ಕೇಲು ಕೊಡಿ. ಟಾರ್ಚೂ ತನ್ನಿ" ಅಂದರು.

ಎರಡಡಿ ಸ್ಕೇಲನ್ನು ಪ್ಲೇಟಿನ ಮೇಲೆ ಅಂಚಾಗಿ ನಿಲ್ಲಿಸಿ, ಹಿಂದಿನಿಂದ ಟಾರ್ಚ್ ಬಿಟ್ಟರು. "ಬಗ್ಗಿ ನೋಡಿ" ಅಂದರು. ಬಗ್ಗಿ ನೋಡಿದೆ. ಸ್ಕೇಲಿನ ಕೆಳಗೆ, ಪ್ಲೇಟಿನ ನಟ್ಟನಡುವೆ, ಬೆಳಕಿನ ತೆಳ್ಳನೆಯ ಗೆರೆ. ಅಂಚಿನ ಕಡೆ ಹೋಗುತ್ತಾ ಮಾಯ. ಪ್ಲೇಟು ತಟ್ಟೆಯ ಹಾಗೆ ತಗ್ಗಾಗಿತ್ತು.

ಆ ಗೆರೆ ಎಷ್ಟು ದಪ್ಪ ಎಂದು ಅಳೆಯಲು ನನ್ನ ಹತ್ತಿರ ಉಪಕರಣ ಇರಲಿಲ್ಲ. ಶಾಲೆಯ ಉತ್ತರ ಪತ್ರಿಕೆಯ ಹಾಳೆ ಇತ್ತು. 500 ಹಾಳೆಯ ಕಟ್ಟು ಸುಮಾರು 5 ಸೆಂ.ಮೀ. ದಪ್ಪ ಬರುತ್ತದೆ, ಅಂದರೆ ಒಂದು ಹಾಳೆ ಹೆಚ್ಚುಕಡಿಮೆ 0.1 ಮಿ.ಮೀ. ಸ್ಕೇಲಿನ ಕೆಳಗೆ ಒಂದೊಂದೇ ಹಾಳೆ ತೂರಿಸುತ್ತಾ ಹೋದೆ. ನಾಲ್ಕು ಹಾಳೆ ಸಲೀಸಾಗಿ ಹೋದವು, ಐದನೆಯದು ಸಿಕ್ಕಿಕೊಂಡಿತು. 0.4 ಮಿ.ಮೀ. ನನ್ನ ಬಾಗಿಲಿನ ಮೆಟ್ಟಿಲೂ ಅಷ್ಟೇ ಇತ್ತು.

ಲೆಕ್ಕ ಆಗ ಅರ್ಥವಾಯಿತು. ಉದ್ದ ಪಟ್ಟಿ ಓಡುವಾಗ ಎರಡೂ ಕಡೆ ಟೇಬಲ್ಲಿನ ಮೇಲೆ ಕೂರುತ್ತದೆ, ನಡುವಿನ ತಗ್ಗಿಗೆ ಸೇತುವೆಯ ಹಾಗೆ ನಿಲ್ಲುತ್ತದೆ. ಅದಕ್ಕೆ ಬಿಟ್ ನಾಲ್ಕು ಹಾಳೆಯಷ್ಟು ಕಡಿಮೆ ಸಿಗುತ್ತದೆ. ಅಡ್ಡ ಪಟ್ಟಿಯ ತುದಿ ಎರಡೂವರೆ ಇಂಚು ಅಗಲ ಅಷ್ಟೇ. ಅದು ತಗ್ಗಿನೊಳಗೇ ಇಳಿದು ಕೂರುತ್ತದೆ, ಅದಕ್ಕೆ ಬಿಟ್ ಪೂರ್ತಿ ಸಿಗುತ್ತದೆ. ಒಂದೇ ಎತ್ತರಕ್ಕೆ ಇಟ್ಟ ಬಿಟ್, ಎರಡು ಪಟ್ಟಿಗೆ ಎರಡು ಎತ್ತರ! ಎಷ್ಟು ಜಾಗ್ರತೆಯಿಂದ ಹೊಂದಿಸಿದರೂ ಅದು ಸರಿ ಬರುವ ಮಾತೇ ಇರಲಿಲ್ಲ.

ನನ್ನ ರೌಟರ್ ಸುಮಾರು ಆರು ಕೆಜಿ ತೂಗುತ್ತದೆ. ಅಷ್ಟು ಭಾರ ಹಗಲು ರಾತ್ರಿ ನೇತಾಡಿದರೆ ಅಕ್ರಿಲಿಕ್ ನಿಧಾನವಾಗಿ ಬಗ್ಗುತ್ತದೆ, ಬಿಸಿಯಾದರೆ ಇನ್ನೂ ಬೇಗ. ಮೇಲೆ ಶೀಟಿನ ಸೂರು, ಏಪ್ರಿಲ್ ಬಿಸಿಲು, ಕೆಳಗೆ ಮೋಟರಿನ ಕಾವು. ರೌಟರ್ ಬಿಚ್ಚಿ ಒಂದು ರಾತ್ರಿ ಬಿಟ್ಟು ನೋಡಿದೆ. ನಾಲ್ಕು ಹಾಳೆ ಎರಡಾಯಿತು, ಅದಕ್ಕಿಂತ ಕಡಿಮೆಯಾಗಲಿಲ್ಲ. ಪ್ಲೇಟ್ ಮಗುಚಿ ಹಾಕಿದೆ. ಎರಡು ತಿಂಗಳಿಗೆ ಆ ಕಡೆಗೂ ಬಗ್ಗಿತು. ಕೆಲವು ತಿಂಗಳು ಪ್ರತಿ ಸಂಜೆ ರೌಟರ್ ಬಿಚ್ಚಿ ಕೆಳಗಿಟ್ಟು, ಮರುದಿನ ಮತ್ತೆ ಕಟ್ಟಿ ಕೆಲಸ ಮಾಡಿದೆ. ಇರುವ ಒಂದೂವರೆ ಗಂಟೆಯಲ್ಲಿ ಇಪ್ಪತ್ತು ನಿಮಿಷ ಅದಕ್ಕೇ ಹೋಗುತ್ತಿತ್ತು. ಮಾರಿದವರಿಗೆ ಬರೆದಾಗ "ಬಳಸುವ ರೀತಿಯಿಂದ ಆಗಿರಬಹುದು" ಎಂಬ ಉತ್ತರ ಬಂತು. ದೊಡ್ಡ ರೌಟರಿಗೆ ಆಗುತ್ತದೆ ಎಂದು ಅವರೇ ಬರೆದು ಮಾರಿದ ಪ್ಲೇಟು ಅದು. ಇವತ್ತಿಗೂ ಆ ಉತ್ತರ ನೆನಪಾದರೆ ಬೇಜಾರಾಗುತ್ತದೆ.

ತಪ್ಪೆಲ್ಲ ಪ್ಲೇಟಿನದು ಅಂದೆನಲ್ಲ, ಮಳೆಗಾಲದಲ್ಲಿ ನನ್ನ ಪಾಲೂ ಒಂದಿಷ್ಟು ಸೇರಿತ್ತು. ಸನ್‌ಮೈಕಾ ಮೇಲೆ ಮಾತ್ರ ಅಂಟಿಸಿದ್ದೆ. ಕೆಳಗೆ ಬರೀ ಪ್ಲೈ. ನಮ್ಮೂರ ಮಳೆ ಗೊತ್ತಲ್ವಾ? ಜೂನ್‌ನಿಂದ ಸೆಪ್ಟೆಂಬರ್ ತನಕ ಒಣಗಿದ ಟವೆಲ್ಲೂ ಹಸಿಯಾಗಿರುತ್ತದೆ. ಬರೀ ಇದ್ದ ಕೆಳಮೈ ತೇವ ಕುಡಿದು ಹಿಗ್ಗಿತು, ಮುಚ್ಚಿದ ಮೇಲ್ಮೈ ಹಿಗ್ಗಲಿಲ್ಲ, ಹಲಗೆ ಅಂಚಿನಲ್ಲಿ ಮೇಲಕ್ಕೆದ್ದಿತು. ಎರಡನೇ ಬೇಸಿಗೆಯಲ್ಲಿ ಒಣಗಿದ ಮೇಲೆ ಕೆಳಗೂ ಅಷ್ಟೇ ದಪ್ಪದ ಸನ್‌ಮೈಕಾ ಅಂಟಿಸಿ, ನಾಲ್ಕೂ ಅಂಚಿಗೆ ಪೇಂಟ್ ಹೊಡೆದೆ. ಅಲ್ಲಿಂದ ಹಲಗೆ ಅಲ್ಲಾಡಿಲ್ಲ. ಕರಾವಳಿ, ಮಲೆನಾಡಿನವರು ಇದನ್ನು ಮೊದಲ ದಿನವೇ ಮಾಡಿ.

2022ರ ದಸರಾ ರಜೆಯಲ್ಲಿ ಶಿವಮೊಗ್ಗಕ್ಕೆ ಹೋಗಿ ಲೇತ್ ಅಂಗಡಿಯೊಂದರಲ್ಲಿ 10 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಪ್ಲೇಟ್ ಕತ್ತರಿಸಿಕೊಂಡೆ. 30 ಸೆಂ.ಮೀ. ಉದ್ದ, 23 ಅಗಲ, ತೂಕ ಎರಡು ಕೆಜಿಗೆ ಸ್ವಲ್ಪ ಕಡಿಮೆ. ಸ್ಕೇಲೂ ಟಾರ್ಚೂ ಜೊತೆಗೇ ಒಯ್ದಿದ್ದೆ. ಮೊದಲ ಎರಡು ತುಂಡು ಡೊಂಕಿದ್ದವು, ಮೂರನೆಯದು ಸರಿ ಬಂತು. ಅಂಗಡಿಯವರು ಬೇಸರ ಮಾಡಿಕೊಳ್ಳದೆ ಒಂದೊಂದೇ ತೆಗೆದುಕೊಟ್ಟರು. ಸ್ಕ್ರೂ ತೂತಿನ ಗುರುತಿಗೆ ಹಳೇ ಅಕ್ರಿಲಿಕ್ಕನ್ನೇ ಮೇಲಿಟ್ಟು ಗೀಚಿಕೊಂಡೆವು. ಕತ್ತರಿಸಿದ್ದು, ತೂತು ಕೊರೆದದ್ದು ಎಲ್ಲ ಸೇರಿ ₹1,650. ಅಕ್ರಿಲಿಕ್‌ಗಿಂತ ₹250 ಜಾಸ್ತಿ, ಅಷ್ಟೇ.

ಮನೆಗೆ ಬಂದು ಕೂರಿಸಿ, ರೌಟರ್ ಕಟ್ಟಿ, ಸ್ಕೇಲ್ ನಿಲ್ಲಿಸಿ ಹಾಳೆ ತೂರಿಸಲು ನೋಡಿದೆ. ಒಂದು ಹಾಳೆಯೂ ಹೋಗಲಿಲ್ಲ. ಮಾರನೇ ದಿನವೂ ಹೋಗಲಿಲ್ಲ. ಮುಂದಿನ ಏಪ್ರಿಲ್ ಬಿಸಿಲಿನಲ್ಲೂ ಹೋಗಲಿಲ್ಲ. ಆ ವಾರ ಮಾಡಿದ ಬಾಗಿಲಿನ ಮೂಲೆಗೆ ಉಗುರು ಎಳೆದೆ, ಉಗುರು ಎಲ್ಲೂ ನಿಲ್ಲದೆ ಜಾರಿಕೊಂಡು ಹೋಯಿತು. ಹೆಂಡತಿಯನ್ನು ಕರೆದು ಅವಳ ಕೈಲೂ ಎಳೆಸಿದೆ.

ಅಂದಿನಿಂದ ಈ ಟೇಬಲ್ ಜೊತೆ ನನ್ನ ಸಂಜೆಗಳೇ ಬೇರೆ. ಶೆಡ್ಡಿಗೆ ಹೋದ ತಕ್ಷಣ ಮೊದಲು ಮೇಣದ ಬತ್ತಿಯ ತುಂಡೊಂದನ್ನು ಹಲಗೆಯ ಮೇಲೆ, ಪ್ಲೇಟಿನ ಮೇಲೆ ಉದ್ದುದ್ದ ಗೆರೆ ಎಳೆಯುತ್ತೇನೆ. ಆಮೇಲೆ ಹಳೇ ಬನಿಯನ್ ಬಟ್ಟೆಯಿಂದ ಗಟ್ಟಿಯಾಗಿ ಒರೆಸುವುದು. ಎರಡು ನಿಮಿಷದ ಕೆಲಸ. ಮರ ನೀರಿನ ಮೇಲೆ ತೇಲಿದ ಹಾಗೆ ಜಾರುತ್ತದೆ. ಇದರಲ್ಲಿ ಇನ್ನೊಂದು ಲಾಭ ಇದೆ. ಬರೀ ಅಲ್ಯೂಮಿನಿಯಂ ತಿಳಿ ಬಣ್ಣದ ಮರಕ್ಕೆ ಬೂದು ಗೆರೆ ಹತ್ತಿಸುತ್ತದೆ, ಮೇಣ ಹಚ್ಚಿದರೆ ಅದು ತುಂಬಾ ಕಡಿಮೆ. ಪೂರ್ತಿ ಹೋಗುವುದಿಲ್ಲ, ಸಿಲ್ವರ್ ಓಕ್ ಮೇಲೆ ಇವತ್ತಿಗೂ ಒಮ್ಮೊಮ್ಮೆ ಕಾಣುತ್ತದೆ. ಜಾರಲಿ ಅಂತ ಸಿಲಿಕೋನ್ ಸ್ಪ್ರೇ ಮಾತ್ರ ಹೊಡೆಯಬೇಡಿ. ಅದು ಮರಕ್ಕೆ ತಾಗಿದರೆ ಪಾಲಿಶ್ ಕೂರದೆ ಅಲ್ಲಲ್ಲಿ ಕಣ್ಣಿನ ಹಾಗೆ ದುಂಡು ಕಲೆ ಬೀಳುತ್ತದೆ.

ಎತ್ತರ ಹೊಂದಿಸಲು ಡ್ರಿಲ್ ಬಿಟ್ಟುಗಳೇ ನನ್ನ ಅಳತೆಗೋಲು. 6 ಮಿ.ಮೀ. ಬೇಕಾದರೆ 6ರ ಎರಡು ಡ್ರಿಲ್ ಬಿಟ್ ತೆಗೆದು, ಅವುಗಳ ನುಣುಪಾದ ಹಿಂಭಾಗವನ್ನು ರೌಟರ್ ಬಿಟ್ಟಿನ ಆಚೆ ಈಚೆ ಮಲಗಿಸಿ, ಮೇಲೆ ಸ್ಕೇಲ್ ಇಡುತ್ತೇನೆ. ಪ್ಲಗ್ ಕಿತ್ತಿರಬೇಕು, ಅದು ಮರೆಯಬಾರದು. ಬಿಟ್ಟನ್ನು ಕೈಯಲ್ಲಿ ತಿರುಗಿಸುತ್ತಾ ಮೆಲ್ಲಗೆ ಏರಿಸುತ್ತೇನೆ. ಅದರ ಅಲಗು ಸ್ಕೇಲಿಗೆ ತಾಗಿ ಸ್ಕೇಲು ಕೂದಲಿನಷ್ಟು ಅಲುಗಿದರೆ ಅಲ್ಲಿಗೆ ಸರಿ. ಕಣ್ಣಿಗಿಂತ ಬೆರಳಿಗೆ ಮೊದಲು ಗೊತ್ತಾಗುತ್ತದೆ.

ಏರಿಸುವುದಕ್ಕೆ ಗುಜರಿಯಲ್ಲಿ ₹250ಕ್ಕೆ ಸಿಕ್ಕ ಹಳೇ ಕಾರಿನ ಜಾಕಿ. ಕತ್ತರಿಯ ಹಾಗೆ ಮಡಚುತ್ತದಲ್ಲ, ಆ ತರದ್ದು. ರೌಟರಿನ ಕೆಳಗೆ ಹಲಗೆ ಕೊಟ್ಟು ಕೂರಿಸಿದ್ದೇನೆ, ರೌಟರಿನ ಒಳಗಿನ ಸ್ಪ್ರಿಂಗ್ ತೆಗೆದಿದ್ದೇನೆ. ಮೊದಲು ಮಂಡಿಯೂರಿ ಕೆಳಗೆ ತಲೆ ಹಾಕಿ ಒಂದು ಕೈಲಿ ಮಷೀನು ಎತ್ತಬೇಕಿತ್ತು. ಈಗ ಸ್ಟೂಲಿನ ಮೇಲೆ ಕೂತು ಹಿಡಿ ತಿರುಗಿಸಿದರೆ ಸಾಕು. ಜಾಕಿ ಚಪ್ಪಟೆ ಇದ್ದಾಗ ಒಂದು ಸುತ್ತಿಗೆ ಜಾಸ್ತಿ ಏರುತ್ತದೆ, ಎದ್ದು ನಿಂತ ಮೇಲೆ ಕಡಿಮೆ. ಹಾಗಾಗಿ ಸುತ್ತಿನ ಲೆಕ್ಕ ನಂಬಬೇಡಿ, ಪ್ರತಿ ಸಲ ಅಳೆಯಿರಿ. ರೌಟರಿನ ಲಾಕ್ ಸಡಿಲಿಸದೆ ತಿರುಗಿಸಿದರೆ ಮೋಟರಿನ ಬದಲು ಪ್ಲೇಟನ್ನೇ ಎತ್ತಿಬಿಡುತ್ತದೆ. ನಾಲ್ಕು ಮೂಲೆಗೆ ಸ್ಕ್ರೂ ಹಾಕಿ ಪ್ಲೇಟ್ ಬಿಗಿಯದೆ ಜಾಕಿ ಬಳಸಬಾರದು.

ಫೆನ್ಸ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನೇರವಾದ ಪ್ಲೈ ಪಟ್ಟಿ, ಹಿಂದೆ ಹೊಟ್ಟು ಎಳೆಯಲು ಎರಡು ಇಂಚಿನ ಪೈಪು, ಎರಡು ಕ್ಲಾಂಪ್. ಅಲ್ಯೂಮಿನಿಯಂ ಹಳಿ, ಅಳತೆ ಪಟ್ಟಿ ಎಂದು ಸುಮ್ನೆ ದುಡ್ಡು ಹಾಕಬೇಡಿ. ಬಿಟ್ ದುಂಡಗಿರುವುದರಿಂದ ಫೆನ್ಸ್ ಟೇಬಲ್ಲಿನ ಯಾವ ಅಂಚಿಗೂ ಸಮಾಂತರ ಇರಬೇಕಾಗಿಲ್ಲ. ಒಂದು ತುದಿ ಬಿಗಿದು ಇನ್ನೊಂದು ತುದಿಯನ್ನು 1 ಮಿ.ಮೀ. ಸರಿಸಿದರೆ, ನಡುವೆ ಇರುವ ಬಿಟ್ಟಿನ ಹತ್ತಿರ ಅರ್ಧ ಮಿ.ಮೀ. ಬದಲಾಗುತ್ತದೆ. ಸಣ್ಣ ತಿದ್ದುಪಡಿಗೆ ಇದಕ್ಕಿಂತ ಸುಲಭದ ದಾರಿ ನನಗೆ ಬೇಡ.

ಸ್ವಿಚ್ ವಿಷಯದಲ್ಲಿ ಮಾತ್ರ ಒಂದು ರೂಪಾಯಿಯೂ ಉಳಿಸಬೇಡಿ. ಎರಡನೇ ವರ್ಷದ ಜುಲೈ. ಹಲಸಿನ ಮಣೆಯೊಂದರ ಅಂಚು ದುಂಡಗೆ ಮಾಡುತ್ತಿದ್ದೆ. ನಡುವೆ ಕರೆಂಟ್ ಹೋಯಿತು. ರೌಟರಿನ ಸ್ವಿಚ್ ಒತ್ತಿ ಲಾಕ್ ಮಾಡಿಟ್ಟಿದ್ದೆ, ಗೋಡೆಯ ಸ್ವಿಚ್ಚೂ ಆನ್ ಇತ್ತು. ಮಣೆ ತೆಗೆದಿಟ್ಟು, ಬಿಟ್ಟಿಗೆ ಅಂಟಿದ ಹಲಸಿನ ಪುಡಿ ಒರೆಸೋಣ ಎಂದು ಕೈ ಚಾಚಿದೆ. ಕೈ ಒಂದು ಗೇಣು ದೂರ ಇದ್ದಾಗ ಕರೆಂಟ್ ಬಂತು, ಮಷೀನು ತಾನಾಗೇ ಚಾಲೂ ಆಯಿತು. ಅವತ್ತು ಮತ್ತೆ ಕೆಲಸ ಮಾಡಲಿಲ್ಲ. ಮರುದಿನವೇ ನೋ-ವೋಲ್ಟ್ ಸ್ವಿಚ್ ತರಿಸಿದೆ. ಕರೆಂಟ್ ಹೋದರೆ ಅದು ತಾನೇ ಆಫ್ ಆಗುತ್ತದೆ, ಬಂದ ಮೇಲೆ ನಾವು ಹಸಿರು ಗುಂಡಿ ಒತ್ತಿದರೆ ಮಾತ್ರ ಓಡುತ್ತದೆ. ₹850 ಆಯಿತು. ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗುವ ಊರಿನಲ್ಲಿ ಇದಿಲ್ಲದೆ ರೌಟರ್ ಟೇಬಲ್ ಇಡಲೇಬಾರದು. ಕಾಲೇಜಿಗೆ ಹೋಗುವ ಮಗಳೂ ಈಗ ಇದರ ಮೇಲೆ ಫೋಟೋ ಫ್ರೇಮ್ ಮಾಡುತ್ತಾಳೆ. ಅವಳಿಗೆಂದು ಹಲಗೆಯ ಮೇಲೆ ಬಲದಿಂದ ಎಡಕ್ಕೆ ಕೆಂಪು ಬಾಣ ಬರೆದಿದ್ದೇನೆ, ಮರ ತಳ್ಳುವ ದಿಕ್ಕು ತಪ್ಪಬಾರದಲ್ಲ.

ರೌಟರಿನ ಬೆಲೆ ಬಿಟ್ಟರೆ ಈವರೆಗೆ ಇದಕ್ಕೆ ₹7,000 ಹತ್ತಿರ ಹಾಕಿದ್ದೇನೆ, ಹಾಳಾದ ಸಿಲ್ವರ್ ಓಕ್ ಲೆಕ್ಕ ಬೇರೆ. ಸದ್ದು ಜಾಸ್ತಿ, ಅದಕ್ಕೆ ಸಂಜೆ ಏಳರ ಮೇಲೆ ಓಡಿಸುವುದಿಲ್ಲ. ಗ್ರೂವ್ ಹೊಡೆಯುವಾಗ ಹೊಟ್ಟೆಲ್ಲ ಕೆಳಗೆ ಮೋಟರಿನ ಮೇಲೇ ಬೀಳುತ್ತದೆ, ವಾರಕ್ಕೊಮ್ಮೆ ಗಾಳಿ ಊದಿ ತೆಗೆಯಬೇಕು. ವರ್ಷಕ್ಕೆ ಒಂದೆರಡು ಫ್ರೇಮ್ ಮಾಡುವವರಿಗೆ ಇಷ್ಟೆಲ್ಲ ಬೇಡ, ಕೈಯಲ್ಲಿ ಹಿಡಿಯುವ ಸಣ್ಣ ರೌಟರ್, ಅಂದರೆ ಟ್ರಿಮ್ಮರ್, ಸಾಕು. ಬಾಗಿಲು, ಚೌಕಟ್ಟು ಮಾಡುವವರಾದರೆ ಖಂಡಿತ ಮಾಡಿಕೊಳ್ಳಿ.

ಅಕ್ರಿಲಿಕ್ ಪ್ಲೇಟನ್ನು ಎಸೆಯಲು ಮನಸ್ಸು ಬರಲಿಲ್ಲ. ಕಳೆದ ವರ್ಷ ಅದನ್ನು ಅರ್ಧಕ್ಕೆ ಕತ್ತರಿಸಿ ಟ್ರಿಮ್ಮರ್ ಕೆಳಗೆ ಅಗಲವಾದ ತಳ ಮಾಡಿ ಕಟ್ಟಿದೆ. ಟ್ರಿಮ್ಮರ್ ಹಗುರ, ಕೆಲಸ ಮುಗಿದ ಮೇಲೆ ಮಗ್ಗುಲಾಗಿ ಮಲಗಿಸುತ್ತೇನೆ, ಬಗ್ಗುವಷ್ಟು ಭಾರ ಬೀಳುವುದಿಲ್ಲ. ಮಣೆಯ ಅಂಚಿನ ಮೇಲೆ ಮಷೀನು ವಾಲುವುದು ನಿಂತಿದೆ. ಆರ್‌ಪಾರ್ ಕಾಣುವುದರಿಂದ ಪೆನ್ಸಿಲ್ ಗೆರೆಯೂ ಪೂರ್ತಿ ಕಾಣುತ್ತದೆ. ಆ ಕೆಲಸಕ್ಕೆ ಅದು ತುಂಬಾ ಒಳ್ಳೆಯದು.