18 ಇಂಚು ಅಂದ ಮಾತ್ರಕ್ಕೆ ಚೈನ್‌ಸಾ ಬಾರ್ ತಗೋಬೇಡಿ

ತೋಟದವರೆಲ್ಲ ದಯವಿಟ್ಟು ಓದಿ. ಮರಗಸಿ (ನೆರಳು ಮರದ ಕೊಂಬೆ ಸವರೋ ಕೆಲಸ) ಶುರುವಾಗೋ ಹೊತ್ತು, ಬಾರ್ (ಸುತ್ತ ಚೈನ್ ಓಡೋ ಉದ್ದನೆ ಕಬ್ಬಿಣದ ಪಟ್ಟಿ) ಬದಲಾಯಿಸೋರು ಬಹಳ ಜನ ಇರ್ತೀರಿ. ನನಗಾದದ್ದು ನಿಮಗಾಗಬಾರದು.

ನಂದು 58 ಸಿಸಿ ಮೆಷಿನ್. 18 ಇಂಚಿನ ಬಾರ್, ಪಿಚ್ (ಚೈನ್ ಕೊಂಡಿಗಳ ಅಂತರದ ಅಳತೆ) 0.325 ಇಂಚು, ಗೇಜ್ (ಚೈನ್ ಕೂರೋ ತೋಡಿನ ಅಗಲ) 0.058 ಇಂಚು, ಚೈನ್ 72 ಲಿಂಕ್. ಹಳೇ ಬಾರಿನ ಅಂಚು ಸವೆದು ಓರೆ ಕೊಯ್ಯುತ್ತಿತ್ತು. ಪೇಟೆಯ ಅಂಗಡಿಗೆ ಫೋನ್ ಮಾಡಿ ಇಷ್ಟೂ ನಂಬರ್ ಹೇಳಿದೆ. "ಹಳೇದು ತರಲಾ?" ಅಂತ ಕೇಳಿದ್ದೂ ನಾನೇ. "ಏನೂ ಬೇಡ ಸಾರ್, 18 ಇಂಚು ಅಂದ್ರೆ ಎಲ್ಲಾ ಒಂದೇ, ಸೀದಾ ಕೂರುತ್ತೆ" ಅಂದ. ಈ ಮಾತು ನೆನಪಿಟ್ಟುಕೊಳ್ಳಿ. ಬಾರ್, ಚೈನ್ ಎರಡೂ ಸೇರಿ 2,200 ರೂಪಾಯಿ ಕೊಟ್ಟೆ. ಬಿಲ್ ಕೇಳಲಿಲ್ಲ, ಅದು ನನ್ನ ತಪ್ಪು.

ಕೂತಿದ್ದೇನೋ ನಿಜ. ಬೋಲ್ಟ್ ಸರಿಯಾಯ್ತು, ಚೈನ್ ಬಿಗಿ ಮಾಡೋ ಪಿನ್ನೂ ತೂತಿಗೆ ಬಿತ್ತು. ಗಾಳಿಗೆ ಬಿದ್ದಿದ್ದ ಸಿಲ್ವರ್ ಓಕ್ ತುಂಡು ಮಾಡಲು ಹೊರಟರೆ ಮೂರನೇ ತುಂಡಿಗೇ ಬಾರಿನಿಂದ ಹೊಗೆ. ಮೆಷಿನ್ ಹಿಡಿದ ಹುಡುಗನಿಗೆ ಆಯಿಲ್ ಹಾಕದೆ ಓಡಿಸ್ತೀಯ ಅಂತ ಎಲ್ಲರೆದುರು ಬಾಯಿಗೆ ಬಂದಂಗೆ ಬೈದೆ. "ಅಣ್ಣಾ, ಈಗಷ್ಟೇ ತುಂಬಿದ್ದು" ಅಂದ. ಮುಚ್ಚಳ ತೆಗೆದು ನೋಡಿದೆ, ಟ್ಯಾಂಕ್ ಕಾಲು ಭಾಗ ಇಳಿದಿತ್ತು. ಆಯಿಲ್ ಖರ್ಚಾಗ್ತಿದೆ ಅಂದ್ರೆ ಬಾರಿಗೆ ಹೋಗ್ತಿದೆ ಅಂತಲೇ ನಾನೂ ತಿಳಿದೆ. ಇನ್ನೂ ಎರಡು ತುಂಡು ಕೊಯ್ಯಿಸಿದೆ. ಬಾರಿನ ಅಂಚು ನೀಲಿಗಟ್ಟಿತು, ಚೈನ್ ಜಗ್ಗಿ ಜೋತುಬಿತ್ತು.

ಕವರ್ ಬಿಚ್ಚಿದರೆ ಒಳಗೆಲ್ಲ ಆಯಿಲ್‌ನಲ್ಲಿ ನೆಂದ ಮರದ ಪುಡಿಯ ಮುದ್ದೆ. ಬಾರಿನಲ್ಲಿ ಚೈನ್ ಓಡೋ ತೋಡಿಗೆ ಬೆರಳಿಟ್ಟರೆ ಒಣ ಪುಡಿ. ಆಗ ಹಳೇ ಬಾರನ್ನ ಹೊಸದರ ಮೇಲಿಟ್ಟು ನೋಡಿದೆ. ಉದ್ದ ಒಂದೇ, ಬೋಲ್ಟ್ ಕೂರೋ ತೋಡು ಒಂದೇ. ಬುಡದಲ್ಲಿ ಆಯಿಲ್ ಬಾರಿನೊಳಗೆ ಹೋಗೋ ಸಣ್ಣ ತೂತು ಮಾತ್ರ ಒಂದು ಅಕ್ಕಿಕಾಳಿನಷ್ಟು ಪಕ್ಕಕ್ಕೆ. ಮೆಷಿನ್ನಿನಿಂದ ಆಯಿಲ್ ಬರೋ ಸೀಳಿನ ಎದುರು ಬರೀ ಕಬ್ಬಿಣ! ಪಂಪ್ ಒತ್ತಿದ ಆಯಿಲ್ ಎಲ್ಲಾ ಬಾರಿನ ಬೆನ್ನಿಂದ ಇಳಿದು ಕವರಿನೊಳಗೆ ಸುರೀತಿತ್ತು. ಅಲ್ಲೇ ಆ ಹುಡುಗನ ಮುಖ ನೋಡೋಕಾಗಲಿಲ್ಲ ನನಗೆ.

ಮಾರನೇ ದಿನ ಎರಡೂ ಬಾರ್ ಹಿಡ್ಕೊಂಡು ಅಂಗಡಿಗೆ ಹೋದೆ. ಮೊದಲು "ಆಯಿಲ್ ಪಂಪ್ ಹೋಗಿರುತ್ತೆ, ಹೊಸದು ಹಾಕ್ಸಿ" ಅಂದ. ಪಂಪ್ ಚೆನ್ನಾಗಿದೆ, ಕವರ್ ತುಂಬಾ ಆಯಿಲ್ ಇದೆ ಅಂದೆ. "ಹಾಗಾದ್ರೆ ಮಗುಚಿ ಹಾಕಿ." ಮೇಲೂ ಕೆಳಗೂ ಒಂದೇ ಅಳತೆಯ ತೂತಿರೋ ಬಾರನ್ನ ಮಗುಚಿದರೆ ಏನು ಬದಲಾಗುತ್ತೆ? ಆಮೇಲೆ "ಓಡಿಸಿದ ಮಾಲು ವಾಪಸ್ ಇಲ್ಲ, ಬೇಕಾದ್ರೆ ಡ್ರಿಲ್ಲಲ್ಲಿ ತೂತು ಹೊಡೆದುಕೊಡ್ತೀನಿ, 200 ಕೊಡಿ." ನೀಲಿಗಟ್ಟಿದ ಬಾರಿಗೆ! ಕೊನೆಗೆ ಹೇಳಿದ್ದು ಕೇಳಿ: "ಹಳೇ ಬಾರ್ ತರಬೇಕಿತ್ತು ಸಾರ್ ನೀವು." ತರಲಾ ಅಂತ ಕೇಳಿದ್ದಕ್ಕೆ ಬೇಡ ಅಂದೋನೂ ಇವನೇ. ಅಂಗಡಿಯಲ್ಲಿದ್ದ ನಾಲ್ಕು ಜನ ನನ್ನನ್ನೇ ನೋಡ್ತಿದ್ರು, ನನಗೇ ಏನೂ ಗೊತ್ತಿಲ್ಲ ಅನ್ನೋ ಹಾಗೆ. ಮೈ ಉರಿದುಹೋಯ್ತು. ಎದ್ದು ಬಂದೆ.

ಹಳೇ ಬಾರಿಲ್ಲದೆ ಅಂಗಡಿಗೆ ಹೋಗಲೇಬೇಡಿ. ಬುಡಕ್ಕೆ ಬುಡ ಸೇರಿಸಿ ಆ ಸಣ್ಣ ತೂತು ನೋಡಿ, ಅಂಗಡಿಯವನು ಎಷ್ಟೇ ಅವಸರ ಮಾಡಲಿ. ಹಾಕಿದ ಮೇಲೆ ಬಾರಿನ ತುದಿಯನ್ನ ಬಿಳಿ ಸಿಮೆಂಟ್ ಚೀಲಕ್ಕೆ ತಾಗಿಸದೆ ಒಂದು ಗೇಣು ದೂರ ಹಿಡಿದು ರೇಸ್ ಮಾಡಿ. ಆಯಿಲ್ ಸಿಡಿದ ಗೆರೆ ಬೀಳಬೇಕು. ಬೀಳದಿದ್ದರೆ ಮರಕ್ಕೆ ಮುಟ್ಟಿಸಬೇಡಿ, ಆಗಲೇ ಬಿಚ್ಚಿ ವಾಪಸ್ ಕೊಡಿ. ಬಿಲ್ ಮಾತ್ರ ಮರೀಬೇಡಿ.

ಸದ್ಯ ಹಳೇ ಬಾರಿನ ಅಂಚನ್ನೇ ಅರ ಹಾಕಿ ಉಜ್ಜಿ ಓಡಿಸ್ತಿದ್ದೀನಿ. ಹುಡುಗ ಎರಡು ದಿನ ಕೆಲಸಕ್ಕೆ ಬರಲಿಲ್ಲ. ಮನೆಗೆ ಹೋಗಿ, ತಪ್ಪು ನಂದೇ ಕಣಪ್ಪಾ ಅಂತ ಹೇಳಿ ಕರ್ಕೊಂಡು ಬಂದೆ.