ಬಂಗುಡೆಗೆ ಗರಿ ಗಾಳವೋ, ಜಿಗ್ಗೋ, ಬೆಂಡೋ?

ಬಂದರಿನ ಗೋಡೆ ಮೇಲೆ ನಿಂತು ಬಂಗುಡೆ ಹಿಡಿಯಲು ಮೂರನ್ನೂ ಹಾಕಿ ನೋಡಿದ್ದೇನೆ. ಜಾಸ್ತಿ ಮೀನು ಕೊಟ್ಟಿದ್ದು ಗರಿ ಗಾಳ. ಆದರೂ ಈಗ ನನ್ನ ಕೋಲಿಗೆ ಕಟ್ಟಿರುವುದು ಜಿಗ್.

ಗರಿ ಗಾಳ ಅಂದರೆ ಒಂದೇ ದಾರದಲ್ಲಿ ಸಾಲಾಗಿ ನಾಲ್ಕೈದು ಕೊಕ್ಕೆ. ಒಂದೊಂದಕ್ಕೂ ಗರಿಯೋ ಮಿನುಗುವ ಎಳೆಯೋ ಕಟ್ಟಿರುತ್ತದೆ. ತುದಿಯಲ್ಲಿ 60ರಿಂದ 80 ಗ್ರಾಂ ಸೀಸ. ಎರೆಯ ರಗಳೆ ಇಲ್ಲ. ದೂರ ಎಸೆದು, ಮುಳುಗಲು ಬಿಟ್ಟು, ಕೋಲು ಎತ್ತಿ ಇಳಿಸುತ್ತಾ ಸುತ್ತಿಕೊಂಡರಾಯಿತು. ಬಂಗುಡೆ ಕಣ್ಣಿಗೆ ಅದು ಮರಿಮೀನಿನ ಹಿಂಡು. ದೊಡ್ಡ ಗುಂಪು ಬಂತೆಂದರೆ ಒಂದೇ ಎಳೆತಕ್ಕೆ ಮೂರು ನಾಲ್ಕು ಬೀಳುತ್ತವೆ.

ಪಜೀತಿ ಆಮೇಲೆ. ಒಂದು ಎಡಕ್ಕೆ ಓಡಿದರೆ ಇನ್ನೊಂದು ಬಲಕ್ಕೆ, ದಾರವೆಲ್ಲ ಗಂಟು. ಗೋಡೆ ಎತ್ತರ ಇದ್ದರೆ ಎಲ್ಲವನ್ನೂ ಒಟ್ಟಿಗೆ ಮೇಲೆತ್ತಬೇಕು. ಬಂಗುಡೆ ಬಾಯಿ ಮೆದು ಅಲ್ವಾ, ಅರ್ಧದಲ್ಲೇ ಒಂದೆರಡು ಕಳಚಿಕೊಳ್ಳುತ್ತವೆ. ಒಮ್ಮೆ ಕೆಳಗಿನ ಮೀನು ಬಿಡಿಸುವಾಗ ಅದು ಒದ್ದಾಡಿ, ಮೇಲಿನ ಕೊಕ್ಕೆ ನನ್ನ ಹೆಬ್ಬೆರಳಿಗೆ ಹೊಕ್ಕಿತು. ಅವತ್ತಿನಿಂದ ಮೂರಕ್ಕಿಂತ ಜಾಸ್ತಿ ಕೊಕ್ಕೆ ಕಟ್ಟಿಲ್ಲ. ಕೊಕ್ಕೆಯ ಮುಳ್ಳನ್ನೂ ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡುತ್ತೇನೆ. ಹಿಂದೆ ಯಾರಿದ್ದಾರೆ ನೋಡದೆ ಇದನ್ನು ಬೀಸಲೇಬೇಡಿ.

ಜಿಗ್ ಎಂದರೆ 20ರಿಂದ 30 ಗ್ರಾಂನ ಹೊಳೆಯುವ ಲೋಹದ ತುಂಡು, ಹಗುರ ಕೋಲು ಸಾಕು. ಸಿಗುವುದು ಒಂದೊಂದೇ. ಆದರೆ ಆ ಒಂದು ಮೀನು ಜಗ್ಗುವ ಪರಿ! ಭಾರದ ಸೀಸ ಕಟ್ಟಿದ ಕೋಲಿನಲ್ಲಿ ಅದು ಕೈಗೆ ತಿಳಿಯುವುದೇ ಇಲ್ಲ. ಆಳ ಹುಡುಕುವುದೂ ಇದರಲ್ಲಿ ಸಲೀಸು. ನೀರಿಗೆ ಬಿದ್ದ ಮೇಲೆ ಎಣಿಸುತ್ತಾ ಮುಳುಗಿಸುತ್ತೇನೆ. ಹತ್ತಕ್ಕೆ ಕಚ್ಚಿದರೆ ಮುಂದಿನ ಸಲವೂ ಹತ್ತೇ. ಎದುರು ಗಾಳಿ ಬೀಸಿದರೆ ಮಾತ್ರ ಇದು ಮುಂದಕ್ಕೆ ಹೋಗುವುದಿಲ್ಲ. ಬಿರುಗಾಳಿ ಎದ್ದು ನೀರು ಕದಡಿದ್ದರೆ ಗರಿಯೂ ಬೇಡ, ಜಿಗ್ಗೂ ಬೇಡ. ಎರಡೂ ಕಣ್ಣಿಗೆ ಬಿದ್ದರೆ ತಾನೆ ಮೀನು ಕಚ್ಚುವುದು.

ಬೆಂಡು ಅಂದರೆ ನೀರಿನ ಮೇಲೆ ತೇಲುವ ತುಂಡು, ಮೀನು ಕಚ್ಚಿದರೆ ಮುಳುಗುತ್ತದೆ. ಅದು ಸೋಮಾರಿ ಕೆಲಸ ಅಂದುಕೊಂಡಿದ್ದೆ. ಒಂದು ಸಂಜೆ ಬಂಗುಡೆಗಳು ಜಿಗ್ಗಿನ ಹಿಂದೆ ಗೋಡೆವರೆಗೂ ಬಂದು ಸುಮ್ನೆ ತಿರುಗಿ ಹೋಗುತ್ತಿದ್ದವು. ಬೆಂಡಿನ ಕೆಳಗೆ ಎರಡು ಮೀಟರ್ ಆಳಕ್ಕೆ ಬೊಂಡಾಸಿನ (ಸ್ಕ್ವಿಡ್) ತೆಳು ಪಟ್ಟಿಯನ್ನು ಕೊಕ್ಕೆಗೆ ಸಿಕ್ಕಿಸಿ ಬಿಟ್ಟೆ. ಗೋಡೆ ಬುಡದಲ್ಲೇ ಬೆಂಡು ಗುಳುಂ ಅಂತ ಮುಳುಗಿತು! ಆದರೆ ಎಳೆಯಲು ತಡಮಾಡಿದರೆ ಕೊಕ್ಕೆ ಹೊಟ್ಟೆಗೇ ಇಳಿದಿರುತ್ತದೆ. ಸಣ್ಣ ಮೀನನ್ನು ವಾಪಸ್ ಬಿಡುವ ಆಸೆ ಆಗ ಬಿಡಬೇಕು.

ಇನ್ನು ಎಷ್ಟು ಮೀನು ಹಿಡಿಯಬೇಕು ಅನ್ನುವ ಮಾತು. ಬಂಗುಡೆ ಬಿಸಿಲಲ್ಲಿ ಬೇಗ ಕೆಡುತ್ತದೆ. ಕೆಡುವಾಗ ಅದರಲ್ಲಿ ಹಿಸ್ಟಮಿನ್ ಎಂಬ, ತಿಂದವರಿಗೆ ಅಲರ್ಜಿಯಂಥ ತೊಂದರೆ ಕೊಡುವ ವಸ್ತು ಹುಟ್ಟುತ್ತದೆ, ಎಷ್ಟು ಬೇಯಿಸಿದರೂ ಅದು ಹೋಗುವುದಿಲ್ಲ. ಹಿಡಿದ ತಕ್ಷಣ ಐಸಿಗೆ ಹಾಕಬೇಕು. ಗರಿ ಗಾಳ ಹಾಕಿದ ದಿನ ನನ್ನ ಪೆಟ್ಟಿಗೆ ಅರ್ಧ ಗಂಟೆಯಲ್ಲಿ ತುಂಬಿ, ಉಳಿದ ಮೀನು ಬಕೆಟ್ಟಿನಲ್ಲಿ ಬಿಸಿಲು ಕಾಯುತ್ತಿದ್ದವು. ಜಿಗ್ಗಿನ ವೇಗಕ್ಕೂ ನನ್ನ ಐಸ್ ಪೆಟ್ಟಿಗೆಗೂ ಸರಿಹೋಗುತ್ತದೆ. ಎದುರು ಗಾಳಿಯ ದಿನಕ್ಕೆ ಅಂತ ಚೀಲದಲ್ಲಿ ಒಂದು ಗರಿ ಪ್ಯಾಕೆಟ್ ಮಾತ್ರ ಇದ್ದೇ ಇರುತ್ತದೆ.